ಕಡ್ಡಿ ಹಿಡಿದು ಪರದೆ ನೋಡುವವಳಿಗೆ

ಪುಟ್ಟಿ, ನೀನು ಆನ್‌ಲೈನ್ ನಿಟ್ಟಿಂಗ್ ಕ್ಲಾಸಿಗೆ ದುಡ್ಡು ಕಟ್ಟಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಕೇಳಿ ತುಂಬ ಸಂತೋಷವಾಯಿತು. ನಮ್ಮ ಕಾಲದಲ್ಲಿ ಹೆಣಿಗೆ ಕಲಿಯಬೇಕೆಂದರೆ ಅತ್ತೆಯೋ ಚಿಕ್ಕಮ್ಮನೋ ಪಕ್ಕದ ಮನೆಯವರೋ ಹೇಳಿಕೊಡಬೇಕಿತ್ತು. ಅವರಿಗೆ ಬಾರದ್ದು ನಮಗೂ ಬರುತ್ತಿರಲಿಲ್ಲ. ರಾಜಾಜಿನಗರದ ನಮ್ಮ ಬೀದಿಯಲ್ಲಿ ಎಲ್ಲರ ಮನೆಯ ಕೂಸಿಗೂ ಒಂದೇ ತರಹದ ಕುಲಾವಿ ಇರುತ್ತಿತ್ತು. ಈಗ ಬಸವೇಶ್ವರನಗರದ ಮನೆಯಲ್ಲೇ ಕೂತು, ಈ ವಯಸ್ಸಿನಲ್ಲಿ, ಬೆರಳ ತುದಿಯಿಂದ ಮೇಲಕ್ಕೆ ಕಾಲುಚೀಲ ಹೆಣೆಯುವುದನ್ನು ನಾನು ಕಲಿತಿದ್ದೇನೆ. ಅದನ್ನು ಶುರುಮಾಡುವ ವಿಧಾನವನ್ನು ಜೂಡಿ ಬೆಕರ್ ಎಂಬ ಮಹಿಳೆ 2006ರಲ್ಲಿ ‘ನಿಟ್ಟಿ’ ಎಂಬ ಅಂತರ್ಜಾಲ ಪತ್ರಿಕೆಯಲ್ಲಿ ಪ್ರಕಟಿಸಿದರು. ನಮ್ಮ ಬೀದಿಯ ಯಾವ ಅತ್ತೆಯೂ ಅದನ್ನು ನನಗೆ ಕಲಿಸಲು ಸಾಧ್ಯವಿರಲಿಲ್ಲ. ಹಾಗಾಗಿ ಪರದೆ ನೋಡಿ ಕಲಿತದ್ದು ವಿದ್ಯೆಯೇ ಅಲ್ಲ ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ.

ಆದರೆ ಒಂದು ಕೊರತೆ ಇದೆ. ಪಕ್ಕದಲ್ಲಿ ಕೂತ ಅತ್ತೆ “ಅಯ್ಯೋ, ಅಲ್ಲಿ ಒಂದು ಬಿಟ್ಟೆ ನೋಡೇ” ಅನ್ನುತ್ತಿದ್ದಳು. ರೆಕಾರ್ಡ್ ಮಾಡಿಟ್ಟ ಪಾಠಕ್ಕೆ ನಿನ್ನ ಕೈ ಕಾಣುವುದಿಲ್ಲ. ಆ ಅತ್ತೆಯ ಕಣ್ಣನ್ನು ನೀನೇ ಬೆಳೆಸಿಕೊಳ್ಳಬೇಕು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ. ಹೊಸ ನಮೂನೆಗೆ ಕೈಹಾಕುವ ಮೊದಲು ನಿನ್ನ ಕಡ್ಡಿಯ ಮೇಲೆ ಇರುವುದನ್ನು ಓದಲು ಕಲಿ.

ಓದುವುದು ಕಷ್ಟವಲ್ಲ. ನಿಟ್ ಹಾಕಿದ ಕುಣಿಕೆ ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ ಕಾಣುತ್ತದೆ, ಪರ್ಲ್ ಹಾಕಿದ್ದು ಸಣ್ಣ ಉಬ್ಬಿನ ಹಾಗೆ. ಎರಡೂ ಒಂದೇ ಕುಣಿಕೆಯ ಮುಂಬದಿ ಮತ್ತು ಹಿಂಬದಿ. ಇದು ಮನಸ್ಸಿಗೆ ಹತ್ತಿದ ದಿನ ಸಾಲು ಎಣಿಸಿ ಚೀಟಿಯಲ್ಲಿ ಬರೆದಿಡುವ ಕೆಲಸ ಅರ್ಧ ತಪ್ಪುತ್ತದೆ. ಇನ್ನೊಂದು, ಕುಣಿಕೆಗೆ ಎರಡು ಕಾಲಿವೆ. ನಾವು ಹೆಣೆಯುವ ರೀತಿಯಲ್ಲಿ ಬಲಗಾಲು ಕಡ್ಡಿಯ ಮುಂದಿರಬೇಕು. ನಿನಗೆ ನಾನು ಕಲಿಸಿದ್ದು ಉಲ್ಲನ್ ಬಲಗೈಲಿ ಹಿಡಿದು ಸುತ್ತುವುದು. ಆನ್‌ಲೈನ್ ಟೀಚರುಗಳಲ್ಲಿ ಅನೇಕರು ಎಡಗೈಲಿ ಹಿಡಿದು ಕಡ್ಡಿಯ ಮೊನೆಯಿಂದ ಎಳೆದುಕೊಳ್ಳುತ್ತಾರೆ. ಅವರನ್ನು ನೋಡಿ ಪರ್ಲ್ ಹಾಕುವಾಗ ನೂಲು ಉಲ್ಟಾ ಸುತ್ತಿಕೊಂಡರೆ ಬಲಗಾಲು ಹಿಂದಕ್ಕೆ ಹೋಗುತ್ತದೆ. ಅದನ್ನು ಗಮನಿಸದೆ ಮುಂದಿನ ಸಾಲಿನಲ್ಲಿ ಎಂದಿನಂತೆ ನಿಟ್ ಹಾಕಿದರೆ ಕುಣಿಕೆ ತಿರುಚಿಕೊಳ್ಳುತ್ತದೆ, ಬಟ್ಟೆ ಬಿಗಿಯಾಗುತ್ತದೆ. ಟೀಚರ್ ಹೇಳಿದಂತೆಯೇ ಮಾಡಿದೆನಲ್ಲ ಅಂತ ನೀನು ಕೊರಗುತ್ತೀಯ. ನೂಲನ್ನು ಯಾವ ಕೈಲಿ ಹಿಡಿದರೂ ಸರಿ, ಆ ಬಲಗಾಲು ಎಲ್ಲಿದೆ ಅಂತ ನೋಡುತ್ತಿರು.

ಕಡ್ಡಿಯ ನಂಬರಿನ ವಿಷಯ ಯಾರೂ ಹೇಳಿರಲಾರರು. ನಮ್ಮಲ್ಲಿ ರೂಢಿಯಲ್ಲಿರುವುದು ಹಳೆಯ ಬ್ರಿಟಿಷ್ ಲೆಕ್ಕ, ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. ಆ ಲೆಕ್ಕದಲ್ಲಿ 8ನೇ ನಂಬರಿನ ಕಡ್ಡಿ 4 ಮಿ.ಮೀ., 10ನೇ ನಂಬರಿನದು 3.25 ಮಿ.ಮೀ. ಅಮೆರಿಕದವರದು ತದ್ವಿರುದ್ಧ, ಅವರ 8 ಅಂದರೆ 5 ಮಿ.ಮೀ., 10 ಅಂದರೆ 6 ಮಿ.ಮೀ. ಪಾಠದಲ್ಲಿ ನಂಬರ್ ಕೇಳಿದ ಕೂಡಲೇ ಅಂಗಡಿಗೆ ಓಡಬೇಡ. ಮಿಲಿಮೀಟರ್ ಎಷ್ಟು ಅಂತ ಬರೆದುಕೋ.

ಇನ್ನು ಸ್ವಾಚ್, ಅಂದರೆ ಅಳತೆ ನೋಡಲು ಮೊದಲು ಹೆಣೆಯುವ ಸಣ್ಣ ತುಂಡು. ಎಲ್ಲ ಟೀಚರುಗಳೂ ಹೇಳುತ್ತಾರೆ, ಎಲ್ಲ ಹುಡುಗಿಯರೂ ಬಿಡುತ್ತಾರೆ. ಲೆಕ್ಕ ಮಾಡಿ ನೋಡು. 10 ಸೆಂ.ಮೀ.ಗೆ 20 ಕುಣಿಕೆಯಂತೆ 90 ಸೆಂ.ಮೀ. ಸುತ್ತಳತೆಯ ಸ್ವೆಟರಿಗೆ 180 ಕುಣಿಕೆ ಬೇಕು. ನಿನ್ನ ಕೈ ಕೊಂಚ ಬಿಗಿಯಾಗಿ 10 ಸೆಂ.ಮೀ.ಗೆ 22 ಬಂದರೆ ಅದೇ 180 ಕುಣಿಕೆ 82 ಸೆಂ.ಮೀ.ಗೆ ನಿಂತುಬಿಡುತ್ತದೆ. ತಿಂಗಳುಗಟ್ಟಲೆ ಹೆಣೆದ ಸ್ವೆಟರ್ ಮೈಗೆ ಇಳಿಯುವುದಿಲ್ಲ. ಅದಕ್ಕೇ ಒಂದು ಗೇಣಗಲ ಹೆಣೆದು, ಒಗೆದು, ಒಣಗಿಸಿ, ನಡುವಿನ 10 ಸೆಂ.ಮೀ. ಅಳೆ. ಒಗೆಯದೆ ಅಳೆದರೆ ಪ್ರಯೋಜನವಿಲ್ಲ.

ಉಲ್ಲನ್ ಕೊಳ್ಳುವಾಗಲೂ ಆ ತುಂಡು ಚೀಲದಲ್ಲಿರಲಿ. ವಿಜಯನಗರದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಅಲ್ಲಿ ಅಂಗಡಿಯಲ್ಲಿ ಮುಟ್ಟಿ ನೋಡಿ ತಗೋ. ಲೇಬಲ್ಲಿನ ಮೇಲಿನ ಡೈ ಲಾಟ್ ನಂಬರ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ನೂಲಿನ ಗುರುತು, ಎಲ್ಲ ಉಂಡೆಗಳಲ್ಲೂ ಒಂದೇ ಇದೆಯೇ ಅಂತ ನೋಡು, ಬೇಕಾದಷ್ಟನ್ನೂ ಒಟ್ಟಿಗೆ ಕೊಳ್ಳು. ಪಾಠದವರು ಹೆಣೆಯುವುದು ಹೆಚ್ಚಾಗಿ ಕುರಿಯ ಉಣ್ಣೆಯಲ್ಲಿ, ನಮಗೆ ಸುಲಭವಾಗಿ ಸಿಗುವುದು ಅಕ್ರಿಲಿಕ್. ಉಣ್ಣೆಯನ್ನು ನೆನೆಸಿ, ಹಿಗ್ಗಿಸಿ, ಪಿನ್ನು ಚುಚ್ಚಿ ಒಣಗಿಸಿದರೆ ಅಳತೆಗೆ ಕೂರುತ್ತದೆ. ಅಕ್ರಿಲಿಕ್ ಹಾಗೆ ಬಗ್ಗುವುದಿಲ್ಲ, ಬಿಸಿ ಇಸ್ತ್ರಿ ತಾಗಿಸಿದರೆ ಜೀವ ಕಳೆದುಕೊಂಡು ಜೋತು ಬೀಳುತ್ತದೆ. ಹಿಮ ಬೀಳುವ ಊರಿನವರು ಕಲಿಸುವ ದಪ್ಪ ಸ್ವೆಟರ್ ನಮಗೆ ಬೇಕೂ ಇಲ್ಲ. ಬೆಂಗಳೂರಿನ ದಾಖಲೆಯ ಚಳಿ ಅಂದರೆ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್. ನಮ್ಮ ಡಿಸೆಂಬರಿಗೆ ತೆಳು ನೂಲಿನ ತೋಳಿಲ್ಲದ ಸ್ವೆಟರ್ ಸಾಕು. ಅವರಿಂದ ಕೈಕೆಲಸ ಕಲಿ, ಏನು ಹೆಣೆಯಬೇಕೆಂಬುದನ್ನು ನಮ್ಮ ಹವೆ ನೋಡಿ ನೀನೇ ಆರಿಸಿಕೋ.

ಕಲಿಯುವಾಗ ತಿಳಿ ಬಣ್ಣದ, ಕೊಂಚ ದಪ್ಪನೆಯ ನೂಲಿರಲಿ. ಕಪ್ಪು ನೂಲಿನಲ್ಲಿ ಕುಣಿಕೆ ಕಾಣಿಸದು. ಪಾಠವನ್ನು ಮೊದಲು ಕೈ ಕಟ್ಟಿಕೊಂಡು ಪೂರ್ತಿ ನೋಡು, ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ ಹೆಣೆ, ಮೂರನೇ ಸಲ ಪರದೆ ಮುಚ್ಚಿ ಹೆಣೆ. ಮುಚ್ಚಿ ಹೆಣೆಯಲು ಬಂದರೆ ಮಾತ್ರ ಅದು ನಿನ್ನದು. ದುಡ್ಡು ಕೊಟ್ಟು ಪಡೆದ ನಮೂನೆಯನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡ ಕಣೆ. ಅದು ಇನ್ನೊಬ್ಬ ಹೆಣೆಯುವವಳ ಅನ್ನ.

ಒಬ್ಬಳೇ ಕೂರಲೂ ಬೇಡ. ಅಂತರ್ಜಾಲದಲ್ಲಿ ಒಂದಾದ ಹೆಂಗಸರು ಅಲ್ಲಲ್ಲಿ ಕ್ರೋಶಾ ಹಾಕಿದ ಚೌಕಗಳನ್ನು ಸೇರಿಸಿ, 2016ರ ಜನವರಿಯಲ್ಲಿ ಚೆನ್ನೈಯಲ್ಲಿ 11,148.5 ಚದರ ಮೀಟರಿನ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದರು. ನಿನಗೆ ಅಷ್ಟು ದೊಡ್ಡ ಬಳಗ ಬೇಡ, ಒಬ್ಬ ಜೊತೆಗಾತಿ ಸಾಕು. ಕೆಂಗೇರಿಯ ನಿನ್ನ ಗೆಳತಿಗೂ ಆಸೆ ಇದೆಯಂತಲ್ಲ. 2021ರ ಆಗಸ್ಟಿನಿಂದ ಅಲ್ಲಿಯವರೆಗೂ ಮೆಟ್ರೊ ಇದೆ. ವಾರಕ್ಕೊಮ್ಮೆ ಸೇರಿ ಒಬ್ಬರ ಕೆಲಸ ಇನ್ನೊಬ್ಬರು ನೋಡಿ. ಕೊಂಡಿರುವ ಕ್ಲಾಸ್ ಮುಗಿಯುವ ತನಕ ಇನ್ನೊಂದಕ್ಕೆ ದುಡ್ಡು ಕಟ್ಟಬೇಡ. ಮುಂದಿನ ಸಲ ಬರುವಾಗ ಒಗೆದು ಒಣಗಿಸಿದ ಸ್ವಾಚ್ ತಗೊಂಡು ಬಾ, ಅಳತೆ ಪಟ್ಟಿ ನನ್ನ ಹತ್ತಿರ ಇದೆ.