ದೋಹದ, ಬಾಣಂತನ ಮತ್ತು ತಾಯಿಯ ಮನಸ್ಸು

‘ದೋಹದ’ ಎಂಬ ಶಬ್ದ ಪಾಠದಲ್ಲಿ ಬಂದಾಗ ‘ಗರ್ಭಿಣಿಯ ಬಯಕೆ’ ಎಂದು ಅರ್ಥ ಬರೆಯಿಸಿ ಮುಂದಿನ ಪದ್ಯಕ್ಕೆ ಹೋಗುವುದು ನಮ್ಮಂಥ ಪಂಡಿತರ ರೂಢಿ. ಆದರೆ ಈ ಶಬ್ದದ ಗರ್ಭದಲ್ಲಿ ಮತ್ತೊಂದು ಅರ್ಥವಿದೆ. ‘ದ್ವಿಹೃದಯ’ ಎಂಬ ಮೂಲವು ಪ್ರಾಕೃತದಲ್ಲಿ ಸವೆದು ‘ದೋಹದ’ವಾಯಿತೆಂಬುದು ಶಬ್ದಜ್ಞರ ಅಭಿಪ್ರಾಯ. ಸುಶ್ರುತಸಂಹಿತೆಯ ಶಾರೀರಸ್ಥಾನವೂ ಇದನ್ನೇ ಅನುಮೋದಿಸುತ್ತದೆ. ನಾಲ್ಕನೆಯ ಮಾಸದಲ್ಲಿ ಶಿಶುವಿನ ಹೃದಯ ವ್ಯಕ್ತವಾಗುವುದರಿಂದ ಗರ್ಭಿಣಿ ಎರಡು ಹೃದಯವುಳ್ಳವಳಾಗುತ್ತಾಳೆ, ಆಕೆಯ ಇಚ್ಛೆಯನ್ನು ಅವಗಣಿಸಬಾರದು ಎಂಬುದು ಅಲ್ಲಿಯ ತಾತ್ಪರ್ಯ. ಊಟದ ಬಯಕೆಯನ್ನು ನಾಲಗೆಗೆ ಸೇರಿಸದೆ ಹೃದಯಕ್ಕೆ ಸೇರಿಸಿದ ಪ್ರಾಚೀನರ ದೃಷ್ಟಿ ಗಮನಾರ್ಹವಾದುದು.

ರಘುವಂಶದ ಮೂರನೆಯ ಸರ್ಗದಲ್ಲಿ ಗರ್ಭವತಿಯಾದ ಸುದಕ್ಷಿಣೆ ಮಣ್ಣು ತಿನ್ನುತ್ತಾಳೆ. ಮುಂದೆ ಭೂಮಿಯನ್ನು ಆಳಲಿರುವ ಮಗನ ತಾಯಿಗೆ ಭೂಮಿಯ ರುಚಿ ಬೇಕಾಯಿತೆಂದು ಕವಿ ಚಮತ್ಕಾರದಿಂದ ಸಮರ್ಥಿಸುತ್ತಾನೆ. ಇಂದಿನ ವೈದ್ಯನಾದರೋ ಮೊದಲು ರಕ್ತಪರೀಕ್ಷೆ ಮಾಡಿಸೆನ್ನುವನು. ಮಣ್ಣು, ಬೂದಿ, ಬಳಪ, ಹಸಿ ಅಕ್ಕಿಗಳನ್ನು ತಿನ್ನುವ ಚಾಪಲ್ಯಕ್ಕೂ ದೇಹದಲ್ಲಿಯ ಕಬ್ಬಿಣಾಂಶದ ಕೊರತೆಗೂ ಸಂಬಂಧವಿರುವುದನ್ನು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಕವಿಯ ಮಾತನ್ನು ಕಾವ್ಯದಲ್ಲಿಯೂ ವೈದ್ಯನ ಮಾತನ್ನು ಮನೆಯಲ್ಲಿಯೂ ಕೇಳಿದರೆ ಇಬ್ಬರಿಗೂ ನ್ಯಾಯ ಸಲ್ಲಿಸಿದಂತಾಗುವುದು.

ನಮ್ಮ ವಿಜಯಪುರ, ಟಿಕೋಟಾ, ಬಬಲೇಶ್ವರದ ಸೀಮೆಯಲ್ಲಿ ಕುಬಸದ ಸಂಭ್ರಮವನ್ನು ಕಾಣದವರಾರು? ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮಾದಲಿಗಳ ಬುತ್ತಿ ಕಟ್ಟಿಕೊಂಡು ಬಂಧುಗಳು ಬಂದು, ‘ಏನು ತಿನ್ನುವ ಮನಸ್ಸಾಗಿದೆ ತಂಗೀ’ ಎಂದು ಕೇಳುತ್ತಾರೆ. ಸೊಸೆಯ ಮನಸ್ಸನ್ನು ಹೀಗೆ ಬಾಯಿ ತೆರೆದು ಕೇಳುವ ಕಾಲ ಅವಳ ಬಾಳಿನಲ್ಲಿ ಅದೊಂದೇ ಎಂದರೂ ಅತಿಶಯೋಕ್ತಿಯಾಗದು. ಹೆರಿಗೆಯಾಯಿತೋ, ಬಯಕೆ ಹೋಗಿ ಪಥ್ಯ ಬರುತ್ತದೆ. ಅಂಟಿನ ಉಂಡೆ, ಸಬ್ಬಸಿಗೆ ಪಲ್ಯ, ಬಿಸಿನೀರು ಎಲ್ಲವೂ ಪ್ರೀತಿಯಿಂದಲೇ ಬರುತ್ತವೆ. ಆದರೆ ಇದನ್ನು ತಿನ್ನು, ಅದನ್ನು ಮುಟ್ಟಬೇಡ, ನೀರು ಕಡಿಮೆ ಕುಡಿ ಎಂಬ ಆಜ್ಞೆಗಳ ನಡುವೆ ಅವಳಿಗೆ ಉಣ್ಣುವ ಮನಸ್ಸಿದೆಯೇ ಎಂಬ ಪ್ರಶ್ನೆ ಮಾತ್ರ ಬರುವುದಿಲ್ಲ. ಜನನಸೂತಕವನ್ನು ಒಪ್ಪದ ಶರಣರ ಅನುಯಾಯಿಗಳ ಮನೆಯಲ್ಲಿಯೂ ಬಾಣಂತಿಯು ಕತ್ತಲೆಯ ಕೋಣೆಯಲ್ಲಿ ಒಂಟಿಯಾಗಿರುವುದನ್ನು ಕಂಡಿದ್ದೇನೆ. ಇದು ಪ್ರಾಸಂಗಿಕವಾಗಿ ಬಂದ ಮಾತು.

ಗರ್ಭಿಣಿಯ ಊಟದಲ್ಲಿಯೂ ಒಂದು ಅಂಜಿಕೆ ಸೇರಿಕೊಂಡಿದೆ. ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ ದಂಪತಿಗಳು ಕರ್ನಾಟಕದ ಕರಾವಳಿಯಲ್ಲಿ ನಡೆಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನವು, ಹೆಚ್ಚು ಉಂಡರೆ ಕೂಸಿಗೆ ಹೊಟ್ಟೆಯಲ್ಲಿ ಸ್ಥಳ ಸಾಲದೆಂಬ ಹಾಗೂ ಕೂಸು ದೊಡ್ಡದಾದರೆ ಹೆರಿಗೆ ಕಷ್ಟವೆಂಬ ನಂಬಿಕೆಗಳನ್ನು ದಾಖಲಿಸಿದೆ. ನಮ್ಮ ಕಡೆಯ ಮುದುಕಿಯರ ಬಾಯಲ್ಲಿಯೂ ಈ ಮಾತನ್ನು ಕೇಳಬಹುದು. ಆದುದರಿಂದ ಕಡಿಮೆ ಉಣ್ಣುವವಳೆಲ್ಲ ಮನಸ್ಸು ಕುಗ್ಗಿದವಳೆಂದು ತಿಳಿಯಲಾಗದು. ಬಡತನ, ಎಲ್ಲರದಾದ ಮೇಲೆ ಉಣ್ಣುವ ಪದ್ಧತಿ, ಅಂಜಿಕೆ, ಮನೋವ್ಯಥೆ ಇವು ಒಂದೇ ತಾಟಿನಲ್ಲಿ ಕಲೆತಿರುತ್ತವೆ. ಬೇರ್ಪಡಿಸಿ ನೋಡುವ ವ್ಯವಧಾನ ಬೇಕು.

ಆ ವ್ಯವಧಾನ ನನಗೇ ಇರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಯ ಬಾಲಕಿಯೋರ್ವಳು ‘ನಮ್ಮ ಮನೆ’ ಎಂಬ ಪ್ರಬಂಧದಲ್ಲಿ, ಬಾಣಂತನಕ್ಕೆ ಬಂದ ಅಕ್ಕ ರೊಟ್ಟಿ ಉಣ್ಣುವುದಿಲ್ಲವೆಂದೂ ಅಂಟಿನ ಉಂಡೆಯನ್ನು ಗುಟ್ಟಾಗಿ ತನಗೇ ಕೊಡುತ್ತಾಳೆಂದೂ ಕೂಸು ಅತ್ತರೆ ಗೋಡೆಯ ಕಡೆಗೆ ಹೊರಳುತ್ತಾಳೆಂದೂ ಬರೆದಿದ್ದಳು. ನಾನು ‘ಉಂಡಿ’ಯನ್ನು ‘ಉಂಡೆ’ ಎಂದು ತಿದ್ದಿ, ಹತ್ತಕ್ಕೆ ಏಳು ಅಂಕ ಕೊಟ್ಟು ಪುಸ್ತಕವನ್ನು ಹಿಂದಿರುಗಿಸಿದೆ. ಎರಡು ವಾರಗಳ ತರುವಾಯ ಹುಡುಗಿ ಶಾಲೆಗೆ ಬರುವುದು ನಿಂತಿತು. ವಿಚಾರಿಸಲು ಹೋದಾಗ ಅವಳು ತೊಡೆಯ ಮೇಲೆ ಕೂಸನ್ನಿಟ್ಟುಕೊಂಡು ಚಮಚದಿಂದ ಹಾಲು ಕುಡಿಸುತ್ತಿದ್ದಳು. ಅಜ್ಜಿ ಅಂದರು: “ಏನ ಮಾಡೂದ್ರೀ ಮಾಸ್ತರ, ತಾಟ ಮುಂದಿಟ್ರ ಅತ್ತ ಸರಸ್ತಾಳ. ಗಾಳಿ ಸೋಂಕೈತಿ ಅಂತಾರ ಮಂದಿ.” ಊರಿನ ಆಶಾ ಕಾರ್ಯಕರ್ತೆ ಹಟ ಹಿಡಿದು ಆ ತಾಯಿಯನ್ನು ವಿಜಯಪುರದ ವೈದ್ಯರಲ್ಲಿಗೆ ಕರೆದೊಯ್ದಳು. ನಾಲ್ಕು ತಿಂಗಳಲ್ಲಿ ಅವಳು ಚೇತರಿಸಿಕೊಂಡಳು. ತಂಗಿಯ ಬರವಣಿಗೆಯಲ್ಲಿ ಎಲ್ಲ ಲಕ್ಷಣಗಳೂ ಇದ್ದವು. ನಾನು ಕಾಗುಣಿತವನ್ನಷ್ಟೇ ಓದಿದ್ದೆ.

ಹೆರಿಗೆಯಾದ ಮೂರನೆಯ, ನಾಲ್ಕನೆಯ ದಿನ ಕಾರಣವಿಲ್ಲದೆ ಕಣ್ಣೀರು ಬರುವುದು ಬಹುಮಂದಿ ತಾಯಂದಿರಿಗೆ ಸಹಜ. ಎರಡು ವಾರದೊಳಗೆ ಅದು ತಾನಾಗಿಯೇ ಅಡಗುತ್ತದೆ. ಅಡಗದೆ ಮುಂದುವರಿದರೆ ಅದು ಪ್ರಸವೋತ್ತರ ಖಿನ್ನತೆ. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕದಂತೆ ನೂರಕ್ಕೆ 22 ತಾಯಂದಿರು ಇದಕ್ಕೆ ಈಡಾಗುತ್ತಾರೆ. ನೆರೆಯ ಗೋವೆಯಲ್ಲಿ ವಿಕ್ರಮ ಪಟೇಲರೂ ಸಂಗಡಿಗರೂ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಪ್ರಮಾಣ ನೂರಕ್ಕೆ 23. ಬಡತನ, ದಾಂಪತ್ಯದ ವಿರಸಗಳ ಜೊತೆಗೆ ಗಂಡುಮಗುವಿನ ನಿರೀಕ್ಷೆಯೂ ಕಾರಣಗಳ ಸಾಲಿನಲ್ಲಿ ನಿಂತುದು ನಮ್ಮೆಲ್ಲರನ್ನೂ ನಾಚಿಸತಕ್ಕ ವಿಷಯ. ಅದೇ ತಂಡದವರು ಮರುವರ್ಷ, ಖಿನ್ನರಾದ ತಾಯಂದಿರ ಶಿಶುಗಳು ಆರನೆಯ ತಿಂಗಳಿನಲ್ಲಿ ತೂಕ, ಉದ್ದಗಳಲ್ಲಿ ಹಿಂದುಳಿಯುವ ಸಂಭವ ಹೆಚ್ಚೆಂದು ತೋರಿಸಿದರು. ತಾಯಿಯ ಮನಸ್ಸು ಉಪವಾಸ ಬಿದ್ದರೆ ಕೂಸಿನ ಹೊಟ್ಟೆಗೂ ಅದರ ಪಾಲು ತಟ್ಟುತ್ತದೆ.

ಇದನ್ನು ಗುರುತಿಸಲು 1987ರಲ್ಲಿ ಎಡಿನ್‌ಬರೋದಲ್ಲಿ ಹತ್ತು ಪ್ರಶ್ನೆಗಳ ಒಂದು ಮಾಪಕ ಸಿದ್ಧವಾಯಿತು. ಕನ್ನಡದಲ್ಲಿಯೂ ಅದು ಬಳಕೆಗೆ ಬಂದಿದೆ. ಕಳೆದ ಏಳು ದಿನಗಳಲ್ಲಿ ನಗಲು ಆಯಿತೇ, ಮುಂದಿನದನ್ನು ಹರ್ಷದಿಂದ ಎದುರುನೋಡಿದೆಯಾ, ನಿಷ್ಕಾರಣವಾಗಿ ನಿನ್ನನ್ನೇ ದೂಷಿಸಿಕೊಂಡೆಯಾ ಎಂಬ ಬಗೆಯವು ಆ ಪ್ರಶ್ನೆಗಳು. ಊಟದ ಪ್ರಶ್ನೆ ಅವುಗಳಲ್ಲಿ ಇಲ್ಲವೆಂಬುದು ಮೊದಲಿಗೆ ನನಗೆ ಆಶ್ಚರ್ಯವೆನಿಸಿತು. ಹೊಸ ಬಾಣಂತಿಯ ಹಸಿವು, ಆಯಾಸಗಳು ಸಹಜವಾಗಿಯೇ ಏರುಪೇರಾಗುವುದರಿಂದ ಅವನ್ನು ಬುದ್ಧಿಪೂರ್ವಕವಾಗಿ ಬಿಟ್ಟಿದ್ದಾರೆ. ಆದರೆ ನಮ್ಮ ಮನೆಗಳಲ್ಲಿ ‘ನಗು ಬಂದಿತೇ’ ಎಂದು ಸೊಸೆಯನ್ನು ಕೇಳುವವರು ವಿರಳ. ‘ಉಂಡೆಯಾ’ ಎನ್ನುವವರು ಹಲವರು. ಸರಿದ ತಾಟನ್ನು ಹಟವೆಂದು ತಿಳಿಯದೆ ಮುಂದಿನ ಪ್ರಶ್ನೆಗೆ ಬಾಗಿಲೆಂದು ತಿಳಿಯಬೇಕು.

‘ಬಾಣಂತಿ ಸನ್ನಿ’ಯ ವಿಷಯ ಬೇರೆ. ಸನ್ನಿಯೆಂಬುದು ಸನ್ನಿಪಾತದ ತದ್ಭವ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ಕಾಣುವ ಈ ಉಗ್ರ ಮನೋವಿಕಾರದಲ್ಲಿ ನಿದ್ರೆ ಹಾರಿ, ಭ್ರಮೆ ಕವಿಯುತ್ತದೆ. ತಾಯಿ, ಕೂಸು ಇಬ್ಬರ ಜೀವಕ್ಕೂ ಅಪಾಯವಿದೆ. ಇಲ್ಲಿ ಒಂದು ದಿನದ ವಿಳಂಬವೂ ಸಲ್ಲದು.

‘ಆಸ್ಪತ್ರೆಯಲ್ಲಿಟ್ಟರೆ ಕೂಸಿನ ಗತಿಯೇನು’ ಎಂಬುದು ಮನೆಯವರ ಮೊದಲ ಆಕ್ಷೇಪ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಲ್ಲಿ ಐದು ಹಾಸಿಗೆಗಳೊಡನೆ ಆರಂಭವಾದ ತಾಯಿ-ಮಗು ವಿಭಾಗವು ಇದಕ್ಕೆ ಉತ್ತರ. ಅಲ್ಲಿ ತಾಯಿಗೆ ಚಿಕಿತ್ಸೆ ನಡೆಯುವಾಗ ಕೂಸು ಅವಳ ಮಗ್ಗುಲಲ್ಲಿಯೇ ಇರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಬಾರದೆಂದು ವಿಧಿಸಿದೆ. ಬೆಂಗಳೂರು ದೂರವೆನ್ನುವವರು ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲ ಪ್ರಯೋಗ 1980ರ ದಶಕದಲ್ಲಿ ನಮ್ಮದೇ ರಾಜ್ಯದ ಬಳ್ಳಾರಿಯಲ್ಲಿ ನಡೆಯಿತೆಂಬುದು ಅಭಿಮಾನದ ಸಂಗತಿ. ಮನೆ ಬಿಟ್ಟು ಹೊರಡಲಾಗದ ಬಾಣಂತಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯಿದೆ, ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡಬಹುದು.