ಎಐ ಹೆಸ್ಕಾಂ ಎಂದಿತು, ನಂಬಲೇ?

ಹುಕ್ಕೇರಿಗೆ ಕರೆಂಟು ಕೊಡುವುದು ಹೆಸ್ಕಾಂ ಎಂದ ಎಐ ಉತ್ತರದ ಬಗ್ಗೆ ನಿಮ್ಮ ಅನುಮಾನ ಸರಿಯಾಗೇ ಇದೆ ಅಕ್ಕಾರ. ಬೆಳಗಾವಿ ಜಿಲ್ಲೆಯ ಬಹುತೇಕ ಕಡೆ ಕರೆಂಟು ಕೊಡುವುದು ಹೆಸ್ಕಾಂ. ಹುಕ್ಕೇರಿ ತಾಲ್ಲೂಕಿಗಾದರೆ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದೆ. ಎಐ ಬೆಳಗಾವಿಯ ಲೆಕ್ಕದಲ್ಲಿ ಹುಡುಕಿ ಜಿಲ್ಲೆಯ ಉತ್ತರ ತಂದಿಟ್ಟಿರಬೇಕು. ಮತ್ತೆ ಹೀಗೆ ಕೇಳಿ: "ಹುಕ್ಕೇರಿ ಸಂಘದ ಪುಟವನ್ನೇ ತೆರೆದು ನೋಡು, ಲಿಂಕ್ ಕೊಡು, ಯಾವ ದಿನಾಂಕದ ಮಾಹಿತಿ ಹೇಳು." ಆ ಲಿಂಕನ್ನು ನೀವೇ ಒತ್ತಿ ಓದಿರಿ. ಪುಟ ತೆರೆಯದಿದ್ದರೂ ಎಐ ಕೆಲವೊಮ್ಮೆ ಖಚಿತವಾಗಿ ಉತ್ತರಿಸಿಬಿಡುತ್ತದೆ. ನನಗೆ ಹೆಚ್ಚು ಆತಂಕ ಇದರದ್ದೇ.

ಬಿಲ್ ಕಟ್ಟುವ ಕೆಲಸವನ್ನಂತೂ ಎಐಗೆ ಒಪ್ಪಿಸಬೇಡಿ. ಪುಟದಲ್ಲಿ ವಂಚಕರು ಅಡಗಿಸಿಟ್ಟ ಸೂಚನೆಯನ್ನು ನಿಮ್ಮದೇ ಮಾತೆಂದು ಅದು ಪಾಲಿಸಬಹುದು. ಒಟಿಪಿ, ಪಾಸ್‌ವರ್ಡ್ ಹೇಳಲೇಬೇಡಿ. ಹೊಸ ಮೀಟರ್ ಬೇಕಿದ್ದರೆ, ಆರ್‌ಆರ್ ನಂಬರಿರುವ ಹಳೆಯ ಬಿಲ್ ಹಿಡಿದು ಸಂಘದ ಕಚೇರಿಯಲ್ಲೇ ವಿಚಾರಿಸಿರಿ.