ಆ ಕಡೆಯವರಿಗೆ ತಿಳಿಯುವಂತೆ ಹೇಳಿ

ಡಿಪ್ಲೊಮಾ ಮುಗಿಸಿ, ಬಿಇ ಮುಗಿಸಿ ಈ ವರ್ಷ ಮೊದಲ ಸಂಬಳ ಪಡೆದಿರುವ ಮಕ್ಕಳೇ, ನಿಮಗೆ ಲೆಕ್ಕ ಬರುತ್ತದೆ, ಡ್ರಾಯಿಂಗ್ ಓದಲು ಬರುತ್ತದೆ, ಕೋಡ್ ಬರೆಯಲು ಬರುತ್ತದೆ. ಕಾಲೇಜಿನಲ್ಲಿ ಬಿಟ್ಟುಹೋದದ್ದನ್ನು ಕೆಲಸವೇ ಕಲಿಸುತ್ತದೆ. ಆದರೆ ತಿಳಿದದ್ದನ್ನು ಇನ್ನೊಬ್ಬರಿಗೆ ತಿಳಿಸುವುದು ಹೇಗೆಂದು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಹೆಚ್ಚೆಂದರೆ ‘ಕಮ್ಯುನಿಕೇಶನ್ ಸ್ಕಿಲ್ ಸಾಲದು’ ಎಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಕಳಿಸುತ್ತಾರೆ. ನಾನು ಹೇಳಬೇಕೆಂದಿರುವುದು ಆ ಕ್ಲಾಸಿನಲ್ಲಿ ಸಿಗುವುದಿಲ್ಲ. ನಿಮ್ಮ ಮಾತು ಕೇಳಿ, ನಿಮ್ಮ ಬರಹ ಓದಿ ಆ ಕಡೆ ಒಬ್ಬರು ಏನೋ ಒಂದು ಕೆಲಸ ಮಾಡಬೇಕಾಗಿರುತ್ತದೆ. ಅವರು ಎಡವದೆ ಆ ಕೆಲಸ ಮಾಡುವಂತೆ ನೀವು ಹೇಳಬೇಕು. ವಿಷಯ ಇಷ್ಟೇ. ಆದರೆ ಎಷ್ಟೋ ಕಡೆ ಇದು ಪ್ರಾಣದ ಪ್ರಶ್ನೆ.

ನಾನು ವಿದ್ಯುತ್ ಕೆಲಸದಲ್ಲಿ ಆಯುಸ್ಸು ಕಳೆದವನು. ಅಲ್ಲಿಂದಲೇ ಶುರುಮಾಡುತ್ತೇನೆ.

ನಮ್ಮ ರಾಜ್ಯದ ಯಾವ ಸಬ್‌ಸ್ಟೇಷನ್ನಿಗೆ ಹೋದರೂ ‘ಎಲ್‌ಸಿ’ ಎಂಬ ಮಾತು ಕಿವಿಗೆ ಬೀಳುತ್ತದೆ. ಲೈನ್ ಕ್ಲಿಯರ್ ಎಂಬುದರ ಚಿಕ್ಕ ರೂಪ ಅದು. ತಂತಿ ಮುಟ್ಟಿ ಕೆಲಸ ಮಾಡಬೇಕಾದವರು ಸ್ಟೇಷನ್ನಿಗೆ ಫೋನ್ ಮಾಡಿ, ಇಂಥ ಫೀಡರ್ ಲೈನ್, ಇಂಥ ಜಾಗ, ಇಂಥ ಕೆಲಸ ಎಂದು ತಿಳಿಸಿ ಎಲ್‌ಸಿ ಕೇಳುತ್ತಾರೆ. ಪಾಳಿಯಲ್ಲಿರುವ ಆಪರೇಟರ್ ಬ್ರೇಕರ್ ತೆಗೆದು, ಐಸೊಲೇಟರ್ ಬಿಚ್ಚಿ, ಲೈನಿಗೆ ಅರ್ಥ್ ಕೊಟ್ಟು, ಪುಸ್ತಕದಲ್ಲಿ ಸಮಯ ಬರೆದು, ನಂಬರ್ ಹೇಳುತ್ತಾರೆ. ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳಬೇಕು. ಕೆಲಸ ಮುಗಿದ ಮೇಲೆ ಎಲ್‌ಸಿ ಯಾರು ತೆಗೆದುಕೊಂಡರೋ ಅವರೇ ವಾಪಸ್ ಕೊಡಬೇಕು. ಬೇರೆ ಯಾರು ಹೇಳಿದರೂ ಲೈನ್ ಚಾರ್ಜ್ ಮಾಡುವಂತಿಲ್ಲ. ಒಂದೇ ಫೀಡರಿನ ಮೇಲೆ ಎರಡು ತಂಡ ಕೆಲಸಕ್ಕಿಳಿದಿದ್ದರೆ ಎರಡೂ ಎಲ್‌ಸಿ ವಾಪಸ್ ಬರುವವರೆಗೆ ಕಾಯಬೇಕು.

ಈಗ ಸಂಜೆಯಾಗಿದೆ, ಊರಲ್ಲಿ ಕರೆಂಟಿಲ್ಲ, ಜನ ಸ್ಟೇಷನ್ನಿಗೆ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದಾರೆ ಎಂದುಕೊಳ್ಳಿ. ಲೈನಿನ ಕಡೆಯಿಂದ ಒಂದು ಕರೆ ಬರುತ್ತದೆ: “ಅಣ್ಣಾ, ನಮ್ದು ಆಯ್ತು, ಹಾಕ್ಕೊಳ್ಳಿ.” ನಮ್ಮದು ಎಂದರೆ ಯಾರದು? ಆಯಿತು ಎಂದರೆ ಕೆಲಸ ಆಯಿತೋ, ಕಂಬದ ಮೇಲಿದ್ದವರೂ ಇಳಿದಾಯಿತೋ? ಆಪರೇಟರಿಗೆ ದನಿ ಗುರುತು ಸಿಕ್ಕಿತೆಂದೇ ಸ್ವಿಚ್ ಹಾಕಿದರೆ, ಅದೇ ಫೀಡರಿನಲ್ಲಿ ಎರಡು ಕಿಲೋಮೀಟರ್ ಆಚೆ ಜಂಪರ್ ಕಟ್ಟುತ್ತಿರುವವನ ಗತಿ ಏನು? ಅದೇ ಕರೆ ಹೀಗೆ ಬರಲಿ: “ಎಲ್‌ಸಿ ನಂಬರ್ 14, ಎಫ್-4 ಫೀಡರ್, ಕೆರೆ ಏರಿ ಟ್ರಾನ್ಸ್‌ಫಾರ್ಮರ್ ಹತ್ರ. ಮೂರೂ ಜನ ಕೆಳಗಿಳಿದಿದೀವಿ. ಅರ್ಥಿಂಗ್ ರಾಡ್ ತೆಗ್ದಿದೀವಿ. ಎಲ್‌ಸಿ ವಾಪಸ್. ಟೈಮು 4:35.” ಆಪರೇಟರ್ ಇಷ್ಟನ್ನೂ ತಿರುಗಿ ಹೇಳಿ, ಪುಸ್ತಕದಲ್ಲಿ ಇನ್ನೊಂದು ಎಲ್‌ಸಿ ಬಾಕಿ ಇದೆಯೇ ಎಂದು ನೋಡಿಕೊಳ್ಳುತ್ತಾರೆ. ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಹೀಗೆ ಮಾತಾಡುವ ಲೈನ್‌ಮನ್‌ಗಳಲ್ಲಿ ಹೆಚ್ಚಿನವರು ಓದಿದ್ದು ಎಸ್ಸೆಸ್ಸೆಲ್ಸಿ ಇಲ್ಲವೇ ಐಟಿಐ. ತಾಂತ್ರಿಕ ಮಾತು ಹೇಗಿರಬೇಕೆಂಬುದಕ್ಕೆ ಇವರಿಗಿಂತ ಒಳ್ಳೆಯ ಗುರುಗಳನ್ನು ನಾನು ಕಾಣೆ.

ತಿರುಗಿ ಹೇಳುವ ಈ ಪದ್ಧತಿಯನ್ನು ಸಣ್ಣದೆಂದು ಬಿಡಬೇಡಿ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಕವಿದಿತ್ತು. ಎರಡು ಬೋಯಿಂಗ್ 747 ವಿಮಾನಗಳು ಒಂದೇ ರನ್‌ವೇ ಮೇಲಿದ್ದವು. ಒಂದು ವಿಮಾನದ ಪೈಲಟ್ ‘ಟೇಕಾಫ್’ ಎಂಬ ಪದ ಬಳಸಿ ಹೇಳಿದ್ದನ್ನು, ಅವರು ಹೊರಡುವ ಜಾಗದಲ್ಲಿ ಕಾದು ನಿಂತಿದ್ದಾರೆಂದು ಕಂಟ್ರೋಲರ್ ತಿಳಿದರು. ಅಷ್ಟರಲ್ಲಿ ವಿಮಾನ ಓಡತೊಡಗಿತ್ತು. ಎರಡೂ ಡಿಕ್ಕಿಯಾಗಿ ಸತ್ತವರು 583 ಜನ. ಅದರ ನಂತರ ಜಗತ್ತಿನ ವಿಮಾನಯಾನದಲ್ಲಿ ರೇಡಿಯೋ ಮಾತಿನ ನಿಯಮವೇ ಬಿಗಿಯಾಯಿತು. ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ‘ಟೇಕಾಫ್’ ಎನ್ನಬೇಕು, ಉಳಿದ ಹೊತ್ತಿನಲ್ಲಿ ಆ ಪದ ಬಾಯಿಗೆ ಬರಬಾರದು. ಅನುಮತಿಯನ್ನು ಪೈಲಟ್ ತಿರುಗಿ ಹೇಳಲೇಬೇಕು, ಬರೀ ‘ಓಕೆ’ ಸಾಲದು. ನಿಮ್ಮ ಕಚೇರಿಯಲ್ಲಿ ಮೇಲಿನವರು ಏನಾದರೂ ಕೆಲಸ ಹೇಳಿದಾಗ “ಸರಿ ಸರ್” ಎಂದು ಎದ್ದುಬರಬೇಡಿ. “ಸೋಮವಾರದೊಳಗೆ ಎರಡನೇ ಪಂಪಿನ ವೈಬ್ರೇಶನ್ ರೀಡಿಂಗ್ ತೆಗೆದು ನಿಮಗೆ ಕೊಡಬೇಕು, ಮೊದಲನೇ ಪಂಪು ಬೇಡ, ಅಲ್ಲವೇ ಮೇಡಂ?” ಎಂದು ಕೇಳಿ ಏಳಿ. ಮಡ್ಡಿ ಎಂದುಕೊಳ್ಳುತ್ತಾರೆಂಬ ಹೆದರಿಕೆ ಬೇಡ. ಕೇಳಿದ್ದನ್ನು ಖಚಿತ ಮಾಡಿಕೊಳ್ಳುವ ಹುಡುಗನಿಗೆ ಮುಂದೆ ದೊಡ್ಡ ಕೆಲಸ ಕೊಡಲು ಯಾರಿಗೂ ಅಳುಕಿರುವುದಿಲ್ಲ.

ಇನ್ನು ಬರೆಯುವ ವಿಚಾರ. ರಾತ್ರಿ ಪಾಳಿಯಲ್ಲಿ ಪವರ್ ಟ್ರಾನ್ಸ್‌ಫಾರ್ಮರಿಗೆ ತೊಂದರೆ ಬಂತು. ಬೆಳಿಗ್ಗೆ ಮೇಲಧಿಕಾರಿಯಾದ ಎಇಇ ಅವರಿಗೆ ವರದಿ ಹೋಗಬೇಕು. ಹೊಸಬರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: ನಿನ್ನೆ ರಾತ್ರಿ ಪಾಳಿಗೆ ನಾನು ಬಂದೆ, ಮಳೆ ಬರುತ್ತಿತ್ತು, ಟ್ರಾನ್ಸ್‌ಫಾರ್ಮರಿನಲ್ಲಿ ಸಮಸ್ಯೆ ಕಂಡುಬಂತು, ಪರಿಶೀಲಿಸಲಾಯಿತು, ಅಗತ್ಯ ಕ್ರಮ ಕೈಗೊಳ್ಳಲಾಗಿದೆ. ಇದನ್ನು ಓದಿದ ಎಇಇ ಫೋನೆತ್ತಿ ಎಲ್ಲವನ್ನೂ ಮೊದಲಿನಿಂದ ಕೇಳಬೇಕು. ನೀವು ನಿದ್ದೆಗೆ ಜಾರಿರುತ್ತೀರಿ. ಬದಲಿಗೆ ಹೀಗೆ ಬರೆಯಿರಿ: “ಒಂದನೇ ಟ್ರಾನ್ಸ್‌ಫಾರ್ಮರಿನ ಎಣ್ಣೆ ಮಾದರಿಯನ್ನು ಇವತ್ತೇ ಪರೀಕ್ಷೆಗೆ ಕಳಿಸಲು ತಮ್ಮ ಅನುಮತಿ ಬೇಕು. ರಾತ್ರಿ 2:10ಕ್ಕೆ ಬುಕೋಲ್ಜ್ ಅಲಾರಂ ಬಂತು. ಟ್ರಿಪ್ ಆಗಿಲ್ಲ. ಆಗ ಎಣ್ಣೆಯ ಉಷ್ಣತೆ 58 ಡಿಗ್ರಿ ಸೆಲ್ಸಿಯಸ್. 2:25ಕ್ಕೆ ಲೋಡನ್ನು ಎರಡನೇ ಟ್ರಾನ್ಸ್‌ಫಾರ್ಮರಿಗೆ ವರ್ಗಾಯಿಸಿ ಒಂದನೆಯದನ್ನು ನಿಲ್ಲಿಸಿದ್ದೇನೆ. ಸಂಜೆ 6ರ ಲೋಡನ್ನು ಎರಡನೆಯದೊಂದೇ ತಡೆಯುವುದಿಲ್ಲ.”

ಬೇಕಾದದ್ದು ಮೊದಲ ಸಾಲಿನಲ್ಲೇ ಬಂದಿದೆ. ಓದುವವರಿಗೆ ಎಷ್ಟು ಹೊತ್ತಿದೆ ಎಂಬುದು ಕೊನೆಯ ಸಾಲಿನಲ್ಲಿದೆ. ನಡುವೆ ‘ಅಲಾರಂ ಬಂತು, ಟ್ರಿಪ್ ಆಗಿಲ್ಲ’ ಎಂದಿರುವುದನ್ನು ಗಮನಿಸಿ. ಟ್ರಾನ್ಸ್‌ಫಾರ್ಮರಿನ ರಕ್ಷಣೆಗೆಂದು ಇರುವ ಬುಕೋಲ್ಜ್ ರಿಲೇಯಲ್ಲಿ ನಿಧಾನವಾಗಿ ಅನಿಲ ಸೇರಿಕೊಂಡರೆ ಅಲಾರಂ ಬರುತ್ತದೆ. ಒಳಗೆ ದೊಡ್ಡ ದೋಷವಾಗಿ ಎಣ್ಣೆ ರಭಸದಿಂದ ನುಗ್ಗಿದರೆ ಟ್ರಿಪ್ ಆಗುತ್ತದೆ. ‘ಬುಕೋಲ್ಜ್ ಬಂತು’ ಎಂದಷ್ಟೇ ಬರೆದರೆ ಎರಡರಲ್ಲಿ ಯಾವುದೆಂದು ದೇವರೇ ಬಲ್ಲ. ಸರಿಯಾದ ಹೆಸರು ಹಾಕುವುದೆಂದರೆ ಇದು. ದೊಡ್ಡ ದೊಡ್ಡ ಪದ ಬಳಸುವುದಲ್ಲ.

ನಮ್ಮ ಕಚೇರಿ ಕನ್ನಡದ ಒಂದು ಚಾಳಿಯನ್ನು ನೀವಾದರೂ ಬಿಡಬೇಕು. ಕ್ರಮ ಕೈಗೊಳ್ಳಲಾಗುವುದು, ಪರಿಶೀಲನೆಯಲ್ಲಿದೆ, ಶೀಘ್ರವೇ ಸರಿಪಡಿಸಲಾಗುವುದು. ಯಾರು ಸರಿಪಡಿಸುತ್ತಾರೆ? ಯಾವತ್ತು? ಹೆಸರೂ ಇಲ್ಲ, ತಾರೀಖೂ ಇಲ್ಲ. ಇಂಗ್ಲಿಷ್ ಕಡತಗಳಲ್ಲೂ ಇದೇ ಕಥೆ. “ಬ್ಯಾಟರಿ ಸೆಟ್ಟನ್ನು ಶುಕ್ರವಾರ ಮಧ್ಯಾಹ್ನದೊಳಗೆ ನಾನು ಬದಲಿಸುತ್ತೇನೆ” ಎಂದು ಬರೆಯಲು ಎದೆಗಾರಿಕೆ ಬೇಕು, ಏಕೆಂದರೆ ಶುಕ್ರವಾರ ಬಂದೇ ಬರುತ್ತದೆ. ಆ ಎದೆಗಾರಿಕೆಯನ್ನು ಈಗಿನಿಂದಲೇ ಬೆಳೆಸಿಕೊಳ್ಳಿ.

ಅಂಕಿ ಬರೆದಾಗ ಅದರ ಏಕಮಾನವನ್ನೂ ಬರೆಯಿರಿ. 1983ರ ಜುಲೈನಲ್ಲಿ ಏರ್ ಕೆನಡಾದ ಒಂದು ಬೋಯಿಂಗ್ 767ಕ್ಕೆ 22,300 ಕಿಲೋಗ್ರಾಂ ಇಂಧನ ಬೇಕಾಗಿತ್ತು. ಆ ದೇಶ ಆಗ ಪೌಂಡಿನಿಂದ ಕಿಲೋಗ್ರಾಮಿಗೆ ಬದಲಾಗುತ್ತಿದ್ದ ಕಾಲ. ಲೀಟರನ್ನು ತೂಕಕ್ಕೆ ಪರಿವರ್ತಿಸುವಾಗ ಕಿಲೋಗ್ರಾಮಿನ 0.8ರ ಬದಲು ಪೌಂಡಿನ 1.77 ಬಳಸಿಬಿಟ್ಟರು. ಬೇಕಾದ ಅರ್ಧಕ್ಕಿಂತಲೂ ಕಡಿಮೆ ಇಂಧನದಲ್ಲಿ ಹೊರಟ ವಿಮಾನದ ಎರಡೂ ಎಂಜಿನ್‌ಗಳು ನಡುಗಗನದಲ್ಲಿ ನಿಂತವು. ಪೈಲಟ್‌ಗಳು ಅದನ್ನು ತೇಲಿಸಿಕೊಂಡೇ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿ ಎಲ್ಲರನ್ನೂ ಉಳಿಸಿದರು. ಲೆಕ್ಕ ಮಾಡಿದ ಕಾಗದದ ಮೇಲೆ 1.77 ಎಂಬ ಅಂಕಿಯ ಪಕ್ಕ ಅದು ಪೌಂಡಿನ ಲೆಕ್ಕ ಎಂದು ಬರೆದಿದ್ದರೆ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತಿತ್ತು. ತಾರೀಖಿನದೂ ಹೀಗೇ. 04/05 ಎಂದರೆ ನಿಮಗೆ ಮೇ ತಿಂಗಳು, ಅಮೆರಿಕದ ಸಹೋದ್ಯೋಗಿಗೆ ಏಪ್ರಿಲ್. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ.

ಎಲ್ಲಕ್ಕಿಂತ ಕಷ್ಟದ್ದು ಮೇಲಿನವರಿಗೆ ಬೇಡವಾದ ಸುದ್ದಿ ಹೇಳುವುದು. ಚಾಲೆಂಜರ್ ಗಗನನೌಕೆಯ ಕಥೆಯನ್ನು ಪ್ರತಿಯೊಬ್ಬ ಎಂಜಿನಿಯರ್ ಓದಬೇಕು ಎನ್ನುತ್ತೇನೆ. 1986ರ ಜನವರಿ 27ರ ರಾತ್ರಿ, ಉಡಾವಣೆಯ ಹಿಂದಿನ ರಾತ್ರಿ, ರಾಕೆಟ್ ತಯಾರಿಸಿದ ಮಾರ್ಟನ್ ಥಿಯೋಕೋಲ್ ಕಂಪನಿಯ ಎಂಜಿನಿಯರ್‌ಗಳು ದೂರವಾಣಿ ಸಭೆಯಲ್ಲಿ ನಾಸಾದವರಿಗೆ ಹೇಳಿದರು: ಇಂಥ ಚಳಿಯಲ್ಲಿ ರಾಕೆಟ್ಟಿನ ಜೋಡಣೆಯಲ್ಲಿರುವ ರಬ್ಬರ್ ಉಂಗುರಗಳು ಸರಿಯಾಗಿ ಮುಚ್ಚಿಕೊಳ್ಳಲಾರವು, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇದ್ದರೆ ಹಾರಿಸಬೇಡಿ. ಅವರು ಹೇಳಿದ್ದು ನಿಜವಾಗಿತ್ತು. ಅವರಲ್ಲೊಬ್ಬರಾದ ರೋಜರ್ ಬೋಯ್ಸ್‌ಜೋಲಿ ಅದಕ್ಕೂ ಆರು ತಿಂಗಳು ಮೊದಲೇ ಲಿಖಿತವಾಗಿ ಎಚ್ಚರಿಸಿದ್ದರು. ಆದರೂ ಕೊನೆಗೆ ಅವರ ಕಂಪನಿಯ ಆಡಳಿತವೇ ಆ ಸಲಹೆಯನ್ನು ಬದಲಿಸಿತು. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಛಿದ್ರವಾಯಿತು, ಏಳು ಜನ ಹೋದರು. ಹೊಣೆ ಆಡಳಿತಗಾರರದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಒಂದು ಸಂಗತಿ ನಮ್ಮಂಥವರ ಎದೆಗೆ ನಾಟಬೇಕು. ಆ ರಾತ್ರಿ ಚರ್ಚೆಯಾದದ್ದು ಉಂಗುರಕ್ಕೆ ಹಾನಿಯಾದ ಹಾರಾಟಗಳು ಮಾತ್ರ. ಅವುಗಳಲ್ಲಿ ಚಳಿಯ ದಿನವೂ ಇತ್ತು, ಬೆಚ್ಚನೆಯ ದಿನವೂ ಇತ್ತು. ಹಾಗಾಗಿ ಉಷ್ಣತೆಗೂ ಹಾನಿಗೂ ನಂಟಿಲ್ಲ ಎನ್ನಲು ಅವಕಾಶವಾಯಿತು. ಆಮೇಲೆ ತನಿಖೆ ಮಾಡಿದ ರೋಜರ್ಸ್ ಆಯೋಗ ಹಾನಿಯಾಗದ ಹಾರಾಟಗಳನ್ನೂ ಸೇರಿಸಿ ನೋಡಿತು. ಸುಮಾರು 19 ಡಿಗ್ರಿ ಮತ್ತು ಅದಕ್ಕಿಂತ ಬೆಚ್ಚಗಿದ್ದ 20 ಹಾರಾಟಗಳಲ್ಲಿ ಮೂರಕ್ಕೆ ಮಾತ್ರ ಹಾನಿ. ಸುಮಾರು 17 ಡಿಗ್ರಿ ಮತ್ತು ಅದಕ್ಕಿಂತ ತಣ್ಣಗಿದ್ದ ನಾಲ್ಕು ಹಾರಾಟಗಳಲ್ಲಿ ನಾಲ್ಕಕ್ಕೂ ಹಾನಿ. ಈ ಎರಡು ಸಾಲು ಆ ರಾತ್ರಿ ಒಂದೇ ಹಾಳೆಯ ಮೇಲೆ ಎಲ್ಲರ ಕಣ್ಣ ಮುಂದಿದ್ದಿದ್ದರೆ!

ಅದೇ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ಬಹಿರಂಗ ವಿಚಾರಣೆಯಲ್ಲಿ ಆ ರಬ್ಬರಿನ ಚೂರೊಂದನ್ನು ಒತ್ತಿಹಿಡಿದು ಐಸ್ ನೀರಿನ ಲೋಟದಲ್ಲಿ ಅದ್ದಿ ತೆಗೆದರು. ಬಿಟ್ಟಾಗ ಅದು ಕೂಡಲೇ ಹಳೆಯ ಆಕಾರಕ್ಕೆ ಬರಲಿಲ್ಲ. ಟಿವಿ ನೋಡುತ್ತಿದ್ದವರಿಗೂ ವಿಷಯ ತಿಳಿಯಿತು.

ಆದ್ದರಿಂದ ಅಪಾಯ ಕಂಡಾಗ ‘ಸ್ವಲ್ಪ ತೊಂದರೆ ಆಗಬಹುದೇನೋ ಸರ್’ ಎನ್ನಬೇಡಿ. ಏನು ನೋಡಿದಿರಿ, ಎಷ್ಟು ಲೆಕ್ಕ ಸಿಕ್ಕಿತು, ಯಾವುದು ಬರೀ ನಿಮ್ಮ ಊಹೆ ಎಂದು ಬೇರೆ ಬೇರೆ ಮಾಡಿ ಹೇಳಿ. ಸುಮ್ಮನಿದ್ದರೆ ಏನಾಗುತ್ತದೆ ಎಂಬುದನ್ನೂ, ನಿಮ್ಮ ಸಲಹೆ ಏನೆಂಬುದನ್ನೂ ಹೇಳಿ. ಬಾಯಲ್ಲಿ ಹೇಳಿದ ಮೇಲೆ ಅದೇ ದಿನ ಬರೆದೂ ಕೊಡಿ. ದನಿ ಏರಿಸಬೇಕಿಲ್ಲ, ಆದರೆ ಮಾತು ಮೆತ್ತಗಾಗಕೂಡದು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಮೀಟಿಂಗಿನಲ್ಲಿ ನೀವು ಬಾಯಿ ಬಿಡುವುದಿಲ್ಲ ಎಂಬುದು ನನಗೆ ಗೊತ್ತು. ತಪ್ಪು ಇಂಗ್ಲಿಷ್ ಆಡಿದರೆ ನಗುತ್ತಾರೆಂಬ ಭಯ. ಹೇಳಬೇಕಾದ್ದನ್ನು ಮೊದಲು ಕನ್ನಡದಲ್ಲೇ ನಾಲ್ಕು ಸಾಲು ಬರೆದುಕೊಳ್ಳಿ. ಅಲ್ಲೇ ತೊಡಕಿದ್ದರೆ ತೊಡಕು ನಿಮ್ಮ ಇಂಗ್ಲಿಷಿನಲ್ಲಿಲ್ಲ, ವಿಷಯವನ್ನು ನೀವಿನ್ನೂ ಬಿಡಿಸಿಕೊಂಡಿಲ್ಲ. ಬಿಡಿಸಿಕೊಂಡರೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳೇ ಸಾಕು. ಯಂತ್ರದ ಹೆಸರು, ಅಂಕಿ, ಹೊತ್ತು ಸರಿಯಿದ್ದರೆ ವ್ಯಾಕರಣದ ಸಣ್ಣ ತಪ್ಪಿಗಾಗಿ ಯಾವ ಕೆಲಸವೂ ನಿಲ್ಲುವುದಿಲ್ಲ. ಇಂಗ್ಲಿಷ್ ಕಲಿಯಬೇಡಿ ಎನ್ನುತ್ತಿಲ್ಲ, ಕಲಿಯಿರಿ. ಕಲಿಯುವವರೆಗೆ ಮೂಕರಾಗಿ ಕೂರಬೇಡಿ.

ಇಂಗ್ಲಿಷ್ ಸಲೀಸಾಗಿ ಬರುವವರಿಗೆ ಇನ್ನೊಂದು ಹೊಣೆ ಇದೆ. ನಿಮ್ಮ ಮಾತು ಕೆಳಗೂ ತಲುಪಬೇಕು. ಪಂಪ್ ಆಪರೇಟರಿಗೆ, ಗುತ್ತಿಗೆ ಕೆಲಸಗಾರರಿಗೆ ಸುರಕ್ಷತೆಯ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಂಟಿಸಿ ಸಹಿ ಹಾಕಿಸಿಕೊಂಡರೆ ಕಡತ ಭದ್ರ, ಮನುಷ್ಯ ಅಲ್ಲ. ರೈತರಿಗೆ ‘8ರಿಂದ ತ್ರೀ ಫೇಸ್ ಕೊಡುತ್ತೇವೆ’ ಎಂದು ಮೆಸೇಜ್ ಕಳಿಸಿದರೆ ಅದು ಬೆಳಗಿನ ಎಂಟೋ ರಾತ್ರಿಯ ಎಂಟೋ? ಆ ಒಂದು ಪದ ಬಿಟ್ಟುಹೋದರೆ ಯಾರೋ ಒಬ್ಬರು ಕತ್ತಲಲ್ಲಿ ಹಾವು ಹುಳದ ನಡುವೆ ಪಂಪ್‌ಸೆಟ್ಟಿನ ಹತ್ತಿರ ಸುಮ್ಮನೆ ಕಾಯುತ್ತಾರೆ.

ಸಾಫ್ಟ್‌ವೇರಿನಲ್ಲಿರುವ ಮಕ್ಕಳಿಗೂ ಇದೇ ಮಾತು. ‘ಪೇಜ್ ಓಪನ್ ಆಗ್ತಿಲ್ಲ’ ಎಂದು ಟಿಕೆಟ್ ಹಾಕಿ ಮನೆಗೆ ಹೋದರೆ, ಆಗಷ್ಟೇ ಬೆಳಗಾಗುತ್ತಿರುವ ದೇಶದಲ್ಲಿ ಕೂತವರು ಏನು ಮಾಡಬೇಕು? ಯಾವ ಆವೃತ್ತಿ, ಏನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು, ಆಗಲೇ ಏನೇನು ಮಾಡಿ ನೋಡಿದ್ದೀರಿ ಎಂದು ಬರೆದಿಟ್ಟು ಹೋಗಿ. ನಿಮ್ಮನ್ನು ನಿದ್ದೆಯಿಂದ ಎಬ್ಬಿಸದೆ ಅವರು ಕೆಲಸ ಮುಂದುವರಿಸುವಂತಿರಬೇಕು.

ಈ ವಾರ ಒಂದು ಕೆಲಸ ಮಾಡಿ. ನೀವು ಕಳಿಸಿದ ಯಾವುದಾದರೂ ಒಂದು ಮೇಲ್ ಅಥವಾ ವರದಿ ಆರಿಸಿಕೊಳ್ಳಿ. ಅದನ್ನು ಓದಿದವರ ಹತ್ತಿರ ಹೋಗಿ, “ನಾನು ಬರೆದದ್ದನ್ನು ಓದಿ ನೀವು ಏನು ಮಾಡಬೇಕು ಅಂತ ತಿಳ್ಕೊಂಡ್ರಿ?” ಎಂದು ಕೇಳಿ. ನಿಮ್ಮ ಮನಸ್ಸಿನಲ್ಲಿದ್ದದ್ದನ್ನೇ ಅವರು ಹೇಳಿದರೆ ಸಂತೋಷ. ಬೇರೆ ಹೇಳಿದರೆ ವಾದಕ್ಕೆ ನಿಲ್ಲಬೇಡಿ, ಅಲ್ಲೇ ಕೂತು ತಿದ್ದಿ, ಅವತ್ತೇ ಇನ್ನೊಮ್ಮೆ ಕಳಿಸಿ.